ಬೆಳಗಾವಿಯಿಂದ ಕಾಳಿ ಅಳಿವೆಗೆ: ಸಣ್ಣ ದೋಣಿಯಲ್ಲಿ ನದಿ ಏರುವವರಿಗೆ ಸಮಗ್ರ ಮಾರ್ಗದರ್ಶಿ

ಘಟ್ಟದ ಮೇಲಿನ ನಮಗೆ ನದಿ ಅಂದರೆ ಒಂದೇ ದಿಕ್ಕಿಗೆ ಹರಿಯುವ ನೀರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭಾ ಕೂಡಲಸಂಗಮದ ಕಡೆ ಹೋಗುತ್ತದೆ, ಅಷ್ಟೇ. ಕರಾವಳಿಯ ನದಿ ಹಾಗಲ್ಲ. ಸಮುದ್ರ ಏರಿದಾಗ ಅದು ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ, ಎರಡು ಸಲ ಮತ್ತೆ ಮುಂದಕ್ಕೆ. ಕಾರವಾರದ ಕೋಡಿಬಾಗದ ದಡದಲ್ಲಿ ನಿಂತು ಕಾಳಿಯಲ್ಲಿ ತೇಲುವ ಕಸ ಘಟ್ಟದ ಕಡೆಗೆ ಹೋಗುವುದನ್ನು ಮೊದಲ ಸಲ ನೋಡಿದವರಿಗೆ ದಿಕ್ಕೇ ತಪ್ಪಿದಂತಾಗುತ್ತದೆ.

ಈ ಮಾರ್ಗದರ್ಶಿ ನಿಂತಿರುವುದು ಅದೊಂದರ ಮೇಲೆ. ಸಣ್ಣ ದೋಣಿಯಲ್ಲಿ ಸಮುದ್ರದ ಕಡೆಯಿಂದ ಒಳನಾಡಿಗೆ ಹೋಗಲು ತೋಳಿನ ಬಲಕ್ಕಿಂತ ಗಡಿಯಾರ ಮುಖ್ಯ. ಭರತದ (ಏರುವ ನೀರಿನ) ಜೊತೆ ಮೇಲಕ್ಕೆ ಹೋಗಿ ಇಳಿತದ (ಇಳಿಯುವ ನೀರಿನ) ಜೊತೆ ಕೆಳಗೆ ಬಂದರೆ ಸಾಧಾರಣ ಮೈಕಟ್ಟಿನವರೂ ಹದಿನೈದು ಕಿಲೋಮೀಟರ್ ಸುತ್ತಿ ಊಟಕ್ಕೆ ದಡದಲ್ಲಿರಬಹುದು. ಹೊತ್ತು ತಪ್ಪಿದರೆ ಪೈಲ್ವಾನನೂ ಸೇತುವೆ ಕೆಳಗೆ ಹುಟ್ಟು ಹಾಕುತ್ತಾ ಅಲ್ಲೇ ನಿಂತಿರುತ್ತಾನೆ.

ಯಾವ ನದಿ?

ಉತ್ತರ ಕನ್ನಡದ ಮೂರು ನದಿಗಳಲ್ಲಿ ಬೆಳಗಾವಿಯವರಿಗೆ ಹತ್ತಿರದ್ದು ಕಾಳಿ. ಜೊಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಸಮುದ್ರ ಸೇರುತ್ತದೆ. ಲೋಂಡಾ ಕಡೆಯ ಪಾಂಢರಿ ನದಿಯೂ ಇದರ ಉಪನದಿಯೇ. ಹಾಗಾಗಿ ಕಾರವಾರದಲ್ಲಿ ನೀವು ತೇಲುವ ನೀರಿನಲ್ಲಿ ನಮ್ಮ ಕಡೆಯ ಮಳೆಯ ಪಾಲೂ ಇದೆ. ನದಿಯ ಮೇಲ್ಭಾಗದಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಹೀಗೆ ಸಾಲಾಗಿ ಅಣೆಕಟ್ಟುಗಳಿವೆ. ನಮಗೆ ಬೇಕಾಗಿರುವುದು ಕೊನೆಯ ಕದ್ರಾದ ಕೆಳಗಿನ, ಸಮತಟ್ಟಾದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಳಿ.

ಎರಡನೆಯದು ಅಘನಾಶಿನಿ. ಶಿರಸಿಯಲ್ಲಿ ಹುಟ್ಟಿ ತದಡಿಯಲ್ಲಿ ಸಮುದ್ರ ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಂದರೆ ಮೇಲಿನಿಂದ ಯಾರೋ ಗೇಟು ತೆಗೆದರು ಅನ್ನುವ ಭಯ ಇಲ್ಲ, ಸಮುದ್ರ ಮತ್ತು ಮಳೆ ಎರಡನ್ನೇ ನೋಡಿಕೊಂಡರೆ ಸಾಕು. ಇದರ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಪ್ರದೇಶ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು, ಉಪ್ಪು ತಡೆಯುವ ಕಗ್ಗ ಭತ್ತದ ಗಜನಿ ಗದ್ದೆ, ಸಾಣಿಕಟ್ಟೆಯ ಉಪ್ಪಿನ ಆಗರ, ಮಿರ್ಜಾನ್ ಕೋಟೆ ಎಲ್ಲವೂ ಒಂದೇ ನದಿಯ ಆಸುಪಾಸಿನಲ್ಲಿವೆ. ನನ್ನನ್ನು ಕೇಳಿದರೆ ನೋಡಲಿಕ್ಕೆ ಮೂರರಲ್ಲಿ ಇದೇ ಚೆಂದ. ಆದರೆ ಒಳಗೆ ಕವಲು ಜಾಸ್ತಿ, ಗಜನಿ ಒಡ್ಡುಗಳ ನಡುವೆ ದಾರಿ ತಪ್ಪುವುದು ಸುಲಭ.

ಮೂರನೆಯದು ಹೊನ್ನಾವರದ ಶರಾವತಿ. ರಸ್ತೆಗಳು ಬರುವ ಮುಂಚೆ ಜೋಗ ನೋಡಲು ಹೋಗುವವರು ಹೊನ್ನಾವರದಿಂದ ಗೇರುಸೊಪ್ಪೆಯ ತನಕ ದೋಣಿಯಲ್ಲೇ ಹೋಗುತ್ತಿದ್ದರು. ಅಗಲವಾದ ಒಳ್ಳೆಯ ನದಿ. ಗೇರುಸೊಪ್ಪೆಯಲ್ಲಿ ಅಣೆಕಟ್ಟಿದೆ ಅನ್ನುವುದು ನೆನಪಿರಲಿ.

ಒಂದು ತಮಾಷೆ ಹೇಳುತ್ತೇನೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಕಾಳಿ, ಶರಾವತಿ ಜೊತೆಗೆ ನಮ್ಮ ಘಟಪ್ರಭಾ, ಮಲಪ್ರಭಾ, ಭೀಮಾ ಕೂಡ ಇವೆ. ಏಪ್ರಿಲ್‌ನಲ್ಲಿ ಮಲಪ್ರಭಾ ನೋಡಿದವರು ಈ ಜಲಮಾರ್ಗದಲ್ಲಿ ಏನು ತೇಲುತ್ತದೆ ಅಂತ ಕೇಳಿದರೆ ತಪ್ಪಲ್ಲ, ಅಲ್ವಾ?

ಮೊದಲ ಸಲಕ್ಕೆ ಕಾಳಿಯನ್ನೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ. ಭರತ-ಇಳಿತದ ಲೆಕ್ಕ ಉಳಿದೆರಡಕ್ಕೂ ಹೊಂದುತ್ತದೆ.

ಭರತ-ಇಳಿತದ ಲೆಕ್ಕ: ಇದನ್ನು ಓದದೆ ಮುಂದೆ ಹೋಗಬೇಡಿ

ಸಮುದ್ರ ಸುಮಾರು ಆರು ಗಂಟೆ ಏರುತ್ತದೆ, ಸುಮಾರು ಆರು ಗಂಟೆ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದ ಆಸುಪಾಸು. ಹಾಗಾಗಿ ಇವತ್ತು ಬೆಳಿಗ್ಗೆ 9ಕ್ಕೆ ತುಂಬಿದ ನೀರು ನಾಳೆ ತುಂಬುವುದು 9:50ರ ಹೊತ್ತಿಗೆ. ದಿನಕ್ಕೆ ಐವತ್ತು ನಿಮಿಷ ಹೀಗೆ ಜಾರುತ್ತಾ ಹೋಗಿ, ಹೆಚ್ಚುಕಡಿಮೆ ಹದಿನೈದು ದಿನಕ್ಕೆ ಅದೇ ಹೊತ್ತು ಮತ್ತೆ ಬರುತ್ತದೆ. ಒಂದು ಭಾನುವಾರ ಹೊತ್ತು ಹೊಂದಲಿಲ್ಲ ಅಂದರೆ ಮುಂದಿನ ಭಾನುವಾರ ಹೊಂದುವ ಸಾಧ್ಯತೆ ಜಾಸ್ತಿ.

ಅಮಾವಾಸ್ಯೆ, ಹುಣ್ಣಿಮೆ ಸುತ್ತ ದೊಡ್ಡ ಭರತ. ಅಷ್ಟಮಿ ಸುತ್ತ ಸಣ್ಣದು. ದೊಡ್ಡ ಭರತದ ದಿನ ಏರುವಿಕೆ ಹೆಚ್ಚು, ಹಾಗಾಗಿ ಸೆಳೆತವೂ ಹೆಚ್ಚು. ಮೊದಲ ಸಲದವರಿಗೆ ಇವೆರಡರ ನಡುವಿನ ದಿನಗಳು ಒಳ್ಳೆಯವು. ತಳ್ಳಲು ಸಾಕಷ್ಟು ನೀರಿರುತ್ತದೆ, ಹೆದರುವಷ್ಟು ಇರುವುದಿಲ್ಲ.

ನೀರು ಆರೂ ಗಂಟೆ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು-ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಬಂದುಬಿಡುತ್ತದೆ. ಏರಿಕೆ 1.2 ಮೀಟರ್ ಇದ್ದರೆ ಆ ಎರಡು ಗಂಟೆಯಲ್ಲಿ 60 ಸೆಂಟಿಮೀಟರ್. ನಿಮ್ಮನ್ನು ಮೇಲಕ್ಕೆ ಒಯ್ಯುವುದು ಆ ನಡುವಿನ ನೀರು. ಇದು ಅಂದಾಜಿನ ಸೂತ್ರ, ಆದರೆ ಯೋಜನೆ ಹಾಕಲು ಸಾಕು.

ಹೊತ್ತಿನ ಪಟ್ಟಿ ಎಲ್ಲಿ ಸಿಗುತ್ತದೆ? ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಭರತ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ತನ್ನ ಜಾಲತಾಣದಲ್ಲಿ ಭರತದ ಹೊತ್ತು, ಅಲೆಯ ಎತ್ತರ, ಎಚ್ಚರಿಕೆ ಎಲ್ಲ ಕೊಡುತ್ತದೆ. ಫೋನಿನ ಆ್ಯಪ್‌ಗಳೂ ಇವೆ. ಕಾರವಾರ ಅಂತ ಆರಿಸಿ ಎರಡು ಕಡೆ ಹೋಲಿಸಿ ನೋಡಿ. ಹಿಂದಿನ ಸಂಜೆ ದಡದ ಮೀನುಗಾರರನ್ನು "ನಾಳೆ ಭರತ ಎಷ್ಟೊತ್ತಿಗೆ?" ಅಂತ ಕೇಳಿ. ಅವರ ಉತ್ತರ ಪಟ್ಟಿಗೆ ಹೊಂದದಿದ್ದರೆ ಅವರನ್ನೇ ನಂಬಿ. ಯಾಕೆಂದರೆ ಪಟ್ಟಿಯ ಹೊತ್ತು ಬಂದರಿನದು. ನದಿಯೊಳಗೆ ಹೋದ ಹಾಗೆ ನೀರು ತುಂಬುವುದು ತಡವಾಗುತ್ತದೆ. ಜೊತೆಗೆ ಮೇಲಿನಿಂದ ಸಿಹಿನೀರೂ ಬರುತ್ತಿರುವುದರಿಂದ, ಒಳಗೆ ಹೋದಷ್ಟೂ ಭರತದ ಅವಧಿ ಚಿಕ್ಕದು, ಇಳಿತದ ಅವಧಿ ಉದ್ದ.

ಇನ್ನು ಗಾಳಿ. ಚಳಿಗಾಲ, ಬೇಸಿಗೆಯಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರಕ್ಕೆ, ತೀರಾ ಮೆಲ್ಲಗೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ನದಿಯೊಳಕ್ಕೆ ಬೀಸುತ್ತದೆ. ಇಳಿತದ ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ. ಎರಡೂ ಎದುರಾದಾಗ ಅಗಲವಾದ ಕಡೆ ಕಡಿದಾದ ಸಣ್ಣ ಅಲೆಗಳು ಏಳುತ್ತವೆ, ದೋಣಿ ಕುಣಿಯುತ್ತದೆ, ನೀರು ಮಡಿಲಿಗೆ ಬರುತ್ತದೆ. ಹಾಗಾಗಿ ಮರಳುವ ದಾರಿ ಹನ್ನೆರಡರ ಒಳಗೆ ಮುಗಿಯಬೇಕು.

ಇದನ್ನೆಲ್ಲ ಕೂಡಿಸಿದರೆ ನಿಮಗೆ ಬೇಕಾದ ದಿನ ಸಿಗುತ್ತದೆ: ಬೆಳಿಗ್ಗೆ 9ರ ಆಸುಪಾಸು ನೀರು ತುಂಬುವ ದಿನ. ಉದಾಹರಣೆಗೆ ಪಟ್ಟಿಯಲ್ಲಿ ತುಂಬುವ ಹೊತ್ತು 9:00 ಇದೆ ಅಂದುಕೊಳ್ಳಿ. ಬೆಳಕಾಗುತ್ತಲೇ 6:45ಕ್ಕೆ ನೀರಿಗಿಳಿಯಿರಿ. ಆಗ ಭರತದ ನಡುಗಂಟೆ ನಡೆಯುತ್ತಿರುತ್ತದೆ. ನಿಧಾನವಾಗಿ ಹುಟ್ಟು ಹಾಕಿದರೂ ಗಂಟೆಗೆ ನಾಲ್ಕು ಕಿಲೋಮೀಟರ್, ನೀರಿನ ತಳ್ಳು ಒಂದು ಕಿಲೋಮೀಟರ್. ಅಲ್ಲಲ್ಲಿ ನಿಂತು ನೋಡಿಕೊಂಡು ಹೋದರೂ 8:45ಕ್ಕೆ ಏಳೆಂಟು ಕಿಲೋಮೀಟರ್ ಒಳಗಿರುತ್ತೀರಿ. ರೊಟ್ಟಿ ತಿನ್ನಿ. 9:45ರ ಹೊತ್ತಿಗೆ ನೀರು ತಿರುಗುತ್ತದೆ, ನೀವೂ ತಿರುಗಿ. 11:30ರ ಒಳಗೆ ದಡ.

ಇದನ್ನೇ ತಲೆಕೆಳಗು ಮಾಡಿ ನೋಡಿ. ಎದುರು ಸೆಳೆತ ಗಂಟೆಗೆ ಮೂರು ಕಿಲೋಮೀಟರ್ ಇದ್ದರೆ, ನಾಲ್ಕರ ವೇಗದಲ್ಲಿ ಹೋಗುವ ನೀವು ಮುಂದೆ ಸಾಗುವುದು ಗಂಟೆಗೆ ಒಂದೇ ಕಿಲೋಮೀಟರ್.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್‌ನಲ್ಲೂ ಆಗುತ್ತದೆ, ಬಿಸಿಲು ಹಣ್ಣು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡವೇ ಬೇಡ. ಮಳೆಗಾಲದಲ್ಲಿ ಭರತ ಕೂಡ ನದಿಯನ್ನು ಹಿಂದೆ ತಳ್ಳಲಾರದು, ಮೇಲೆ ಕದ್ರಾದಿಂದ ನೀರು ಬಿಡುತ್ತಾರೆ, ತೇಲಿ ಬರುವ ಮರದ ದಿಮ್ಮಿ ದೋಣಿ ಸೀಳುತ್ತದೆ. ಅಕ್ಟೋಬರ್‌, ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಆ ವಾರ ಮನೆಯಲ್ಲಿರಿ.

ದೋಣಿ

ಮೊದಲ ಸಲ ಸ್ವಂತ ದೋಣಿ ಬೇಡ ಅನ್ನುವುದು ನನ್ನ ಸಲಹೆ. ಸ್ಥಳೀಯ ಮೀನುಗಾರರ ಪಾತಿ ದೋಣಿ ಮಾತಾಡಿಕೊಂಡು, ಅವರ ಜೊತೆಗೇ ಒಂದು ಬೆಳಿಗ್ಗೆ ಹೋಗಿ ಬನ್ನಿ. ಎಲ್ಲಿ ದಿಬ್ಬ, ಎಲ್ಲಿ ಬಲೆ, ಎಲ್ಲಿ ಇಳಿಯಬಹುದು ಅಂತ ಅವರು ತೋರಿಸುವುದು ಯಾವ ನಕ್ಷೆಯಲ್ಲೂ ಇಲ್ಲ. ಕೂಲಿ ಚೌಕಾಸಿ ಮಾಡಬೇಡಿ. ಒಂದು ಬೆಳಿಗ್ಗೆಯ ಮೀನು ಬಿಟ್ಟು ನಿಮ್ಮ ಜೊತೆ ಬರುತ್ತಿದ್ದಾರೆ.

ಆಮೇಲೆ ಸ್ವಂತದ್ದು. ಬೆಳಗಾವಿಯಿಂದ ಘಟ್ಟ ಇಳಿದು ಹೋಗುವವರಿಗೆ ಇಬ್ಬರು ಕೂರುವ, ಗಾಳಿ ತುಂಬುವ ಕಯಾಕ್ ಸರಿ. ಡಿಕ್ಕಿಯಲ್ಲಿ ಹಿಡಿಸುತ್ತದೆ, ಅಪಾರ್ಟ್‌ಮೆಂಟಿನ ಮಂಚದ ಕೆಳಗೂ ಹಿಡಿಸುತ್ತದೆ. ಕೊಳ್ಳುವಾಗ ಮೂರು ವಿಷಯ ನೋಡಿ. ಗಾಳಿಯ ಕೋಣೆಗಳು ಕನಿಷ್ಠ ಮೂರು ಬೇರೆ ಬೇರೆ ಇರಬೇಕು, ಒಂದು ತೂತಾದರೂ ಉಳಿದವು ತೇಲಿಸಬೇಕು. ಹಿಂದೆ ಕೆಳಗಡೆ ಒಂದು ರೆಕ್ಕೆ ಇರಬೇಕು, ಇಲ್ಲದಿದ್ದರೆ ಪ್ರತಿ ಹುಟ್ಟಿಗೂ ಮೂತಿ ಅತ್ತಿತ್ತ ತಿರುಗುತ್ತದೆ. ತಳದ ಬಟ್ಟೆ ದಪ್ಪವಾಗಿರಬೇಕು. ಈಜುಕೊಳದ ಆಟಿಕೆ ದೋಣಿಯನ್ನು ಕಾಳಿಗೆ ಒಯ್ಯುವವರನ್ನೂ ನೋಡಿದ್ದೇನೆ. ಬಂಡೆಗೆ ಅಂಟಿದ ಒಂದು ಕಲ್ವ ಚಿಪ್ಪು ಸಾಕು, ಬ್ಲೇಡು ಹಾಕಿದ ಹಾಗೆ ಸೀಳುತ್ತದೆ.

ಗಟ್ಟಿ ಪ್ಲಾಸ್ಟಿಕ್ಕಿನ, ಮೇಲೆ ಕೂರುವ ಕಯಾಕ್ ನೀರಲ್ಲಿ ಇದಕ್ಕಿಂತ ಚೆನ್ನಾಗಿ ಓಡುತ್ತದೆ, ಚಿಪ್ಪಿಗೂ ಹೆದರುವುದಿಲ್ಲ. ಆದರೆ ಕಾರಿನ ತಲೆಯ ಮೇಲೆ ಅದನ್ನು ಕಟ್ಟಿಕೊಂಡು ಅಣಶಿ ಘಾಟಿನ ತಿರುವುಗಳನ್ನು ಇಳಿಯುವುದು ಬೇರೆಯೇ ಸಾಹಸ. ಮೋಟಾರಿನ ವಿಚಾರಕ್ಕೆ ಈಗಲೇ ಹೋಗಬೇಡಿ. ಯಂತ್ರ ಹಾಕಿದ ಒಳನಾಡು ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಸಮೀಕ್ಷೆ, ನೋಂದಣಿ ಎಲ್ಲ ಬರುತ್ತದೆ. ಅಲ್ಲದೆ ಮೋಟಾರಿನ ಸದ್ದಿಗೆ ನೀರುನಾಯಿ ನಿಲ್ಲುವುದಿಲ್ಲ.

ಸಾಮಾನು

ತಲೆಗೊಂದು ಲೈಫ್ ಜಾಕೆಟ್, ಹಾಕಿಕೊಂಡೇ ಇರಬೇಕು, ಸೀಟಿನ ಕೆಳಗೆ ಇಡುವುದಕ್ಕಲ್ಲ. ಕೊರಳಿಗೆ ಸೀಟಿ. ಒಂದು ಹೆಚ್ಚುವರಿ ಹುಟ್ಟು. ನೀರು ಹೊರಹಾಕಲು ಅರ್ಧ ಕತ್ತರಿಸಿದ ಕ್ಯಾನು. ತಲೆಗೆ ಮೂರು ಲೀಟರ್ ಕುಡಿಯುವ ನೀರು, ಯಾಕೆಂದರೆ ಸುತ್ತ ಇರುವುದೆಲ್ಲ ಉಪ್ಪು. ಫೋನಿಗೆ ನೀರು ಹೋಗದ ಚೀಲ. ತೂತು ಮುಚ್ಚುವ ಪಟ್ಟಿ ಮತ್ತು ಅಂಟು. ಲೇಸು ಕಟ್ಟುವ ಹಳೇ ಕ್ಯಾನ್ವಾಸ್ ಬೂಟು. ಚಪ್ಪಲಿಯನ್ನು ಕೆಸರು ಕಿತ್ತುಕೊಳ್ಳುತ್ತದೆ, ವಾಪಸ್ ಕೊಡುವುದಿಲ್ಲ.

ಹಗ್ಗ ಎರಡು, ಒಂದೊಂದು ಹತ್ತು ಮೀಟರ್. ನೈಲಾನ್ ಹಗ್ಗ ಸಾಕು. ಲಂಗರು ಕೊಳ್ಳುವ ಬದಲು ಮಾಡಿಸಿಕೊಳ್ಳಿ. ಉದ್ಯಮಬಾಗದಲ್ಲಿ ಯಾವುದೇ ಸಣ್ಣ ವರ್ಕ್‌ಶಾಪಿಗೆ ಹೋಗಿ, ಕಬ್ಬಿಣದ ಸರಳು ಬಗ್ಗಿಸಿ ನಾಲ್ಕು ಕೊಕ್ಕೆಯ ಲಂಗರು ಬೆಸುಗೆ ಹಾಕಿಕೊಡಿ ಅಂದರೆ ಮಾಡಿಕೊಡುತ್ತಾರೆ. ಒಂದೂವರೆ ಕಿಲೋ ತೂಕ ಸಾಕು. ಎರಡು ಮಾತು ಮರೆಯದೆ ಹೇಳಿ: ಕೊಕ್ಕೆಯ ತುದಿ ಉಜ್ಜಿ ಮೊಂಡು ಮಾಡಬೇಕು, ಬೆಸುಗೆಯ ಅಂಚು ನುಣುಪಾಗಬೇಕು. ಗಾಳಿ ತುಂಬಿದ ದೋಣಿಯೊಳಗೆ ಚೂಪು ಲಂಗರು ಇಟ್ಟುಕೊಳ್ಳುವುದಕ್ಕಿಂತ ಲಂಗರೇ ಇಲ್ಲದಿರುವುದು ವಾಸಿ. ಮೇಲೆ ಹಳೇ ಸೈಕಲ್ ಟ್ಯೂಬು ಸುತ್ತಿ.

ಊಟಕ್ಕೆ ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು. ಬಿಸಿಲಿಗೆ ಕೆಡುವುದಿಲ್ಲ, ಕೈ ಒದ್ದೆಯಿದ್ದರೂ ತಿನ್ನಬಹುದು. ಕುಂದಾ ಒಯ್ಯಿರಿ, ದೋಣಿಯವರಿಗೆ ಕೊಡಲು.

ಮನೆಯಲ್ಲೇ ಮಾಡುವ ಅಭ್ಯಾಸ

ದೋಣಿ ಮಗುಚಿದ ಮೇಲೆ ಮತ್ತೆ ಹತ್ತುವುದನ್ನು ಈಜುಕೊಳದಲ್ಲಿ ಕಲಿಯಿರಿ. ಈಜುಕೊಳದವರನ್ನು ಕೇಳಿ, ಮಂದಿ ಕಡಿಮೆ ಇರುವ ಹೊತ್ತು ಒಪ್ಪುತ್ತಾರೆ. ಬೇಕಂತಲೇ ಮಗುಚಿ. ದೋಣಿ ಬಿಡದೆ ಒಂದು ಕೈ ಹಿಡಿದಿರಿ. ನೇರ ಮಾಡಿ, ಪಕ್ಕದಿಂದ ಎರಡೂ ಕೈ ಆಚೆ ಬದಿಗೆ ಚಾಚಿ, ಕಾಲನ್ನು ನೀರಿನ ಮೇಲ್ಮೈಗೆ ತಂದು ಜೋರಾಗಿ ಒದೆಯುತ್ತಾ ಹೊಟ್ಟೆಯ ಮೇಲೆ ಜಾರಿ ಬನ್ನಿ. ಆಮೇಲೆ ಹೊರಳಿ ಕೂರಿ. ಇನ್ನೊಬ್ಬರು ಎದುರು ಬದಿಗೆ ಭಾರ ಹಾಕಿ ಹಿಡಿಯಬೇಕು. ಜಾಕೆಟ್ ಹಾಕಿಕೊಂಡೇ ಮಾಡಿ, ಅದು ಅಡ್ಡ ಬರುತ್ತದೆ, ಆ ಅಡ್ಡಕ್ಕೇ ಅಭ್ಯಾಸ ಬೇಕು. ಇದು ಬರದವರು ನದಿಗೆ ಹೋಗಬಾರದು.

ಅಭ್ಯಾಸಕ್ಕೆ ಅಂತ ಚಿಕ್ಕೋಡಿ, ಅಥಣಿ ಕಡೆ ಕೃಷ್ಣೆಗೆ ಇಳಿಯಬೇಡಿ. ಅಲ್ಲಿ ಮೊಸಳೆ ಇವೆ. ರಕ್ಕಸಕೊಪ್ಪ ಬೆಳಗಾವಿಯ ಕುಡಿಯುವ ನೀರು, ಅದರ ಆಸೆಯೂ ಬೇಡ.

ಯಾರನ್ನು ಕೇಳಬೇಕು

ಕಾರವಾರ ನೌಕಾನೆಲೆಯ ಊರು. ದಕ್ಷಿಣದಲ್ಲಿ ಐಎನ್‌ಎಸ್ ಕದಂಬ ಇದೆ, ಆ ಕಡೆಯ ಸಮುದ್ರಕ್ಕೆ ಖಾಸಗಿ ದೋಣಿ ಹೋಗುವಂತಿಲ್ಲ. ಮೇಲೆ ಕದ್ರಾ ಜಲಾಶಯದ ದಡದಲ್ಲಿ ಕೈಗಾ ಅಣುಸ್ಥಾವರ. ಆದ್ದರಿಂದ ಎರಡು ತುದಿಯನ್ನೂ ಬಿಟ್ಟು ನಡುವಿನ ನದಿಯಲ್ಲಿರಿ. ಡ್ರೋನ್ ಮನೆಯಲ್ಲೇ ಇರಲಿ. ಹಿಂದಿನ ದಿನ ಬಂದರು ಇಲಾಖೆ ಕಚೇರಿಯಲ್ಲಿ, ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟೊತ್ತಿಗೆ ವಾಪಸ್ ಅಂತ ತಿಳಿಸಿ, ಅವರು ಬೇಡ ಅಂದ ಕಡೆ ಹೋಗಬೇಡಿ. ಅದೇ ವಿವರ ಬೆಳಗಾವಿಯಲ್ಲಿ ಮನೆಯವರಿಗೂ ಬರೆದು ಕೊಡಿ. ಫೋನಿನಲ್ಲಿ ಮೂರು ಸಂಖ್ಯೆ ಇರಲಿ: 112 ತುರ್ತು ಸೇವೆ, 1093 ಕರಾವಳಿ ಪೊಲೀಸ್, 1554 ಕೋಸ್ಟ್ ಗಾರ್ಡ್.

ಕದ್ರಾ ವಿದ್ಯುದಾಗಾರ ಓಡಿದಾಗ ಕೆಳಗೆ ನೀರು ಏರುತ್ತದೆ. ಅಳಿವೆಯ ಹತ್ತಿರ ಅದು ಗೊತ್ತಾಗದಿದ್ದರೂ, ಮೇಲೆ ಇಕ್ಕಟ್ಟಾದ ಕಡೆ ಗೊತ್ತಾಗುತ್ತದೆ. ಮೊದಲ ಸಲ ಕೆಳಗಿನ ಏಳೆಂಟು ಕಿಲೋಮೀಟರಿನಲ್ಲೇ ಇರಿ ಅನ್ನಲು ಇದೂ ಒಂದು ಕಾರಣ.

ಘಟ್ಟ ಇಳಿಯುವುದು

ಖಾನಾಪುರ, ಲೋಂಡಾ, ರಾಮನಗರ, ಜೊಯಿಡಾ, ಅಣಶಿ, ಕದ್ರಾ ದಾರಿಯಲ್ಲಿ ಹೋಗಿ. ನೀವು ತೇಲಲಿರುವ ನದಿ ಎಲ್ಲಿಂದ ಬರುತ್ತದೆ ಅಂತ ಈ ದಾರಿಯಲ್ಲೇ ಗೊತ್ತಾಗುತ್ತದೆ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಸೂಪಾ ಊರು ಇದ್ದದ್ದು ಕಾಳಿ ಮತ್ತು ಪಾಂಢರಿ ಕೂಡುವಲ್ಲಿ. ಅಲ್ಲಿಂದ ಎದ್ದವರಿಗಾಗಿ ಬೆಳೆದದ್ದು ರಾಮನಗರ. ಕಾಡಿನ ರಸ್ತೆ, ಹಗಲಲ್ಲೇ ದಾಟಿ. ಮಧ್ಯಾಹ್ನ ಹೊರಟು ಸಂಜೆ ಕಾರವಾರ ಸೇರಿ, ರಾತ್ರಿ ಅಲ್ಲೇ ಉಳಿಯಿರಿ. ನಸುಕಿಗೆ ಬೆಳಗಾವಿಯಿಂದ ಹೊರಟು ಭರತ ಹಿಡಿಯುತ್ತೇನೆ ಅನ್ನುವ ಲೆಕ್ಕ ಹೊಂದುವುದಿಲ್ಲ.

ನೀರಿಗೆ

ಹೆದ್ದಾರಿ ಸೇತುವೆಯಿಂದ ಮೇಲ್ಭಾಗದಲ್ಲಿ, ಮೀನುಗಾರರು ದೋಣಿ ಎಳೆದಿಡುವ ದಡದಿಂದ ಹೊರಡಿ, ಅವರನ್ನು ಕೇಳಿಯೇ. ಸೇತುವೆಯ ಕೆಳಗೆ, ಅಳಿವೆಯ ಕಡೆ ಹೋಗಬೇಡಿ. ಅಳಿವೆಯಲ್ಲಿ ಮರಳುದಿಬ್ಬಗಳಿವೆ. ಇಳಿತದ ನೀರಿಗೆ ಸಮುದ್ರದ ಅಲೆ ಎದುರಾದಾಗ ದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಸಣ್ಣ ದೋಣಿಗೆ ಅಲ್ಲಿ ಕೆಲಸವಿಲ್ಲ. 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಕುಸಿದ ಹಳೇ ಸೇತುವೆಯ ಜಾಗವೂ ಅಲ್ಲೇ. ಯಾವ ಸೇತುವೆಯೇ ಇರಲಿ, ಕಂಬದಿಂದ ದೂರವಿರಿ. ಸೆಳೆತ ನಿಮ್ಮನ್ನು ಅಡ್ಡಡ್ಡ ಒಯ್ದು ಕಂಬಕ್ಕೆ ಒತ್ತಿದರೆ ದೋಣಿ ಅಲ್ಲೇ ಮಗುಚುತ್ತದೆ.

ದೋಣಿಗೆ ದಡದಲ್ಲೇ ಗಾಳಿ ತುಂಬಿ. ತಂಪಿನಲ್ಲಿ ಬಿಗಿಯಾಗಿ ತುಂಬಿದ್ದು ಬಿಸಿಲೇರಿದಾಗ ಇನ್ನೂ ಬಿಗಿಯಾಗುತ್ತದೆ. ಮಧ್ಯೆ ಒಮ್ಮೆ ಒತ್ತಿ ನೋಡಿ, ತುಸು ಬಿಡಿ.

ಹೊರಡುವ ಮುಂಚೆ ಐದು ನಿಮಿಷ ನೀರನ್ನು ನೋಡಿ. ಲಂಗರು ಹಾಕಿ ನಿಂತ ದೋಣಿಗಳ ಮೂತಿ ಯಾವ ಕಡೆಗಿದೆ? ಮೂತಿ ಯಾವಾಗಲೂ ನೀರು ಬರುವ ಕಡೆಗೆ. ಮೂತಿ ಸಮುದ್ರದ ಕಡೆಗಿದ್ದರೆ ಭರತ ನಡೆಯುತ್ತಿದೆ. ಸೇತುವೆ ಕಂಬದಲ್ಲಿ ಕಲ್ವ ಅಂಟಿದ ಪಟ್ಟಿಯನ್ನು ನೋಡಿ. ಪಟ್ಟಿಯ ಮೇಲಂಚು ಸಾಮಾನ್ಯವಾಗಿ ನೀರು ತಲುಪುವ ಎತ್ತರ. ನೀರಿಗೂ ಆ ಅಂಚಿಗೂ ಎಷ್ಟು ದೂರ ಉಳಿದಿದೆ ಅನ್ನುವುದರಿಂದ ಇನ್ನೆಷ್ಟು ಏರಬೇಕು ಅಂತ ತಿಳಿಯುತ್ತದೆ. ಪಟ್ಟಿಯ ಕೆಳಗೆ ಕಂಬ ಒದ್ದೆಯಾಗಿದ್ದರೆ ನೀರು ಇಳಿಯುತ್ತಿದೆ, ನೀರಂಚಿನ ತನಕ ಒಣಗಿದ್ದರೆ ಏರುತ್ತಿದೆ. ಗಡಿಯಾರ ಮತ್ತು ಕಂಬ ಒಂದೇ ಮಾತು ಹೇಳಿದರೆ ಹೊರಡಿ.

ಭರತದ ಜೊತೆ ಹೋಗುವಾಗ ನದಿಯ ನಡುವೆ, ಆಳದ ಕಡೆ ಇರಿ, ಅಲ್ಲಿ ತಳ್ಳು ಜಾಸ್ತಿ. ಎದುರು ನೀರು ಬಂದರೆ ದಡಕ್ಕೆ ಸರಿಯಿರಿ, ಅಲ್ಲಿ ಸೆಳೆತ ಕಡಿಮೆ. ತಿರುವುಗಳಲ್ಲಿ ಹೊರಬದಿ ಆಳ, ಒಳಬದಿ ದಿಬ್ಬ. ಮರಳು ತೆಗೆದ ಕಡೆ ಈ ನಿಯಮ ನಡೆಯುವುದಿಲ್ಲ. ಮೊಣಕಾಲು ನೀರಿನ ಪಕ್ಕದಲ್ಲೇ ಆಳಿನೆತ್ತರದ ಹೊಂಡ ಇರುತ್ತದೆ. ಆದ್ದರಿಂದ ಆಳವಿಲ್ಲ ಅಂತ ಸುಮ್ನೆ ಇಳಿದು ನಡೆಯಬೇಡಿ.

ಬಲೆ ನೋಡಿಕೊಳ್ಳಿ. ಸಾಲಾಗಿ ತೇಲುವ ಖಾಲಿ ಬಾಟಲಿಗಳು ಕಂಡರೆ ಅವು ಕಸ ಅಲ್ಲ, ಕೆಳಗೆ ಬಲೆ ಇದೆ. ಸಾಲಿನ ತುದಿ ಸುತ್ತಿ ಹೋಗಿ. ಗೂಟದ ಬಲೆಗಳ ನಡುವೆ ನುಗ್ಗಬೇಡಿ. ಬಲೆ ಬಿಡುತ್ತಿರುವವರ ಮುಂದೆ ದಾಟುವ ಮುಂಚೆ ಕೈ ಎತ್ತಿ ಕೇಳಿ. ಕಾರವಾರದ ದಡದಲ್ಲಿ ಕೊಂಕಣಿ ಜಾಸ್ತಿ. ಬೆಳಗಾವಿಯವರಿಗೆ ಮರಾಠಿ ಕಿವಿಗೆ ಬಿದ್ದಿರುವುದರಿಂದ ಅರ್ಧ ತಿಳಿಯುತ್ತದೆ, ಉಳಿದರ್ಧ ಕನ್ನಡದಲ್ಲಿ ನಡೆಯುತ್ತದೆ.

ಕೊಂಕಣ ರೈಲ್ವೆ ಸೇತುವೆ ದಾಟಿದ ಮೇಲೆ ಊರಿನ ಸದ್ದು ಕಡಿಮೆಯಾಗುತ್ತದೆ. ನಡುವೆ ಕುರ್ವೆಗಳು (ನದಿಯ ನಡುಗಡ್ಡೆಗಳು), ಅವುಗಳ ಅಂಚಿಗೆ ಕಾಂಡ್ಲಾ. ಕವಲಿನೊಳಗೆ ಹೋಗುವ ಆಸೆಯಾದರೆ ನೀರು ಏರುತ್ತಿರುವಾಗ ಮಾತ್ರ ಹೋಗಿ. ಏರುವ ನೀರಿನಲ್ಲಿ ಕೆಸರಿಗೆ ಕಚ್ಚಿಕೊಂಡರೂ ಹತ್ತು ನಿಮಿಷದಲ್ಲಿ ದೋಣಿ ತಾನೇ ಎದ್ದು ತೇಲುತ್ತದೆ. ಇಳಿಯುವ ನೀರಿನಲ್ಲಿ ಕಚ್ಚಿಕೊಂಡರೆ ಮುಂದಿನ ಭರತದ ತನಕ ಸೊಳ್ಳೆಗಳ ಜೊತೆ ನೀವೇ.

ಒಳಗೆ ಹೋದ ಹಾಗೆ ದಡದ ಗಿಡಗಳು ಬದಲಾಗುವುದನ್ನು ಗಮನಿಸಿ. ಮೊದಲು ಬೇರುಗಳನ್ನು ಊರುಗೋಲಿನಂತೆ ನೆಟ್ಟ ಕಾಂಡ್ಲಾ ಗೋಡೆ. ಆಮೇಲೆ ಅದರ ನಡುವೆ ಕೇದಗೆ. ಇನ್ನೂ ಮೇಲೆ ಹೊಂಗೆ, ಬಿದಿರು, ತೋಟಗಳು. ಅಲ್ಲಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ, ಉಪ್ಪು ತೆಳುವಾಗುತ್ತಾ ಹೋಗುತ್ತದೆ. ಸಪ್ಪೆ ಅನಿಸಿದ ಮಾತ್ರಕ್ಕೆ ಕುಡಿಯಬೇಡಿ. ಉಪ್ಪುನೀರು ಭಾರ, ಅದು ತಳದಲ್ಲಿ ಮೇಲಕ್ಕೆ ನುಗ್ಗುತ್ತದೆ, ಸಿಹಿನೀರು ಮೇಲೆ ತೇಲಿ ಕೆಳಗೆ ಬರುತ್ತದೆ. ಒಂದೇ ಜಾಗದಲ್ಲಿ ಮೇಲೆ ಸಪ್ಪೆ, ಹುಟ್ಟಿನ ತುದಿಯಲ್ಲಿ ಉಪ್ಪು ಇರಬಹುದು.

ತಿರುಗುವ ಹೊತ್ತು

ಎಲ್ಲಿ ತಿರುಗಬೇಕು ಅನ್ನುವುದನ್ನು ದೂರ ನೋಡಿ ತೀರ್ಮಾನಿಸಬೇಡಿ. ಹೊರಡುವಾಗಲೇ ಒಂದು ಹೊತ್ತು ಇಟ್ಟುಕೊಳ್ಳಿ, ಆ ಹೊತ್ತಾದರೆ ಎಲ್ಲಿದ್ದರೂ ನಿಲ್ಲಿ. "ಆ ತಿರುವಿನ ಆಚೆ ಏನಿದೆ ನೋಡೋಣ" ಅನ್ನುವ ಆಸೆಗೆ ಕೊನೆಯಿಲ್ಲ. ಪ್ರತಿ ತಿರುವಿನ ಆಚೆಯೂ ಇನ್ನೊಂದು ತಿರುವು ಇರುತ್ತದೆ.

ನಿಲ್ಲಲು ಮರಳಿನ ಅಥವಾ ಕಲ್ಲಿನ ದಡ ಹುಡುಕಿ, ಊರಿನವರು ಬಳಸುವ ಮೆಟ್ಟಿಲು ಇದ್ದರೆ ಇನ್ನೂ ಒಳ್ಳೆಯದು. ತೋಟದ ದಡವಾದರೆ ಕೂಗಿ ಕೇಳಿ ಇಳಿಯಿರಿ. ದೋಣಿ ಕಟ್ಟುವಾಗ ಹಗ್ಗ ಉದ್ದ ಬಿಡಿ. ನೀರು ತುಂಬಿರುವಾಗ ಬಿಗಿಯಾಗಿ ಕಟ್ಟಿದ ದೋಣಿ ನೀವು ಊಟ ಮುಗಿಸುವಷ್ಟರಲ್ಲಿ ದಡಕ್ಕೆ ಜೋತು ಬಿದ್ದಿರುತ್ತದೆ. ಏರುತ್ತಿರುವಾಗ ಕಟ್ಟದೆ ಮರಳ ಮೇಲೆ ಎಳೆದಿಟ್ಟರೆ ತೇಲಿ ಹೋಗಿರುತ್ತದೆ. ಎರಡಕ್ಕೂ ಮದ್ದು ಉದ್ದ ಹಗ್ಗ, ಮತ್ತು ದೋಣಿ ಕಾಣುವಲ್ಲಿ ಕೂರುವುದು.

ಕೆಸರಲ್ಲಿ ಕಾಲು ಹೂತರೆ ಎಳೆದಾಡಬೇಡಿ. ದೋಣಿಯ ಮೇಲೆ ಭಾರ ಹಾಕಿ, ಪಾದ ಅತ್ತಿತ್ತ ಅಲುಗಾಡಿಸಿ ನೀರು ಒಳಗೆ ಹೋಗಲು ಬಿಟ್ಟು, ನಿಧಾನ ಎತ್ತಿ. ಚಿಪ್ಪು ತಾಗಿ ಗಾಯವಾದರೆ ಕುಡಿಯುವ ನೀರಿನಲ್ಲಿ ಅಲ್ಲೇ ತೊಳೆದು, ವಾಪಸ್ ಬಂದ ಮೇಲೆ ವೈದ್ಯರಿಗೆ ತೋರಿಸಿ. ಈ ಗಾಯ ಸಣ್ಣದಾಗಿ ಕಂಡು ಬೇಗ ಕೀವಾಗುತ್ತದೆ.

ನೀರು ತಿರುಗಿದ್ದು ಗೊತ್ತಾಗಲು ಒಂದು ಎಲೆ ಬಿಡಿ. ಮೊದಲು ಅದು ನಿಲ್ಲುತ್ತದೆ, ಸುತ್ತುತ್ತದೆ, ಆಮೇಲೆ ಸಮುದ್ರದ ಕಡೆ ಹೊರಡುತ್ತದೆ. ದಡದಂಚಿನಲ್ಲಿ ನೀರು ಮೊದಲು ತಿರುಗುತ್ತದೆ, ನಡುವೆ ತಡ. ಹಾಗಾಗಿ ಮರಳುವಾಗ ಮೊದಲ ಹದಿನೈದು ನಿಮಿಷ ದಡ ಹಿಡಿದು, ಆಮೇಲೆ ನಡುವಿಗೆ ಬನ್ನಿ.

ಮರಳುವ ದಾರಿ

ಇಳಿತ ನಿಮ್ಮನ್ನು ತಾನಾಗಿ ತರುತ್ತದೆ. ಅಪಾಯವೂ ಅದೇ, ಅದು ಸಮುದ್ರದ ತನಕವೂ ತರುತ್ತದೆ. ಹೊರಟ ದಡಕ್ಕೆ ಅರ್ಧ ಕಿಲೋಮೀ‍ಟರ್ ಇರುವಾಗಲೇ ಆ ಬದಿಗೆ ಸರಿದುಬಿಡಿ. ಎದುರಿಗೆ ಬಂದ ಮೇಲೆ ಅಡ್ಡ ದಾಟಲು ಹೋದರೆ ಸೆಳೆತ ಸೇತುವೆಯ ಕೆಳಗೆ ಒಯ್ಯುತ್ತದೆ. ಬೆಳಿಗ್ಗೆ ಹೊರಡುವಾಗಲೇ ತಿರುಗಿ ನೋಡಿ ದಡದ ಗುರುತು ಮನಸ್ಸಿಗೆ ಹಾಕಿಕೊಳ್ಳಿ: ನೀರಿನ ಟಾಕಿ, ತೆಂಗಿನ ಸಾಲು, ಬಣ್ಣದ ದೋಣಿ, ಏನಾದರೂ.

ಗಾಳಿ ಬೇಗ ಎದ್ದರೆ ಮುಂದೆ ಬಾಗಿ, ಹುಟ್ಟು ಚಿಕ್ಕದಾಗಿ, ಬೇಗ ಬೇಗ ಹಾಕಿ. ಅಲೆಗೆ ದೋಣಿಯ ಪಕ್ಕ ಕೊಡಬೇಡಿ, ಮೂತಿ ಕೊಡಿ. ತೀರಾ ಆಗದಿದ್ದರೆ ಗಾಳಿಮರೆಯ ಕುರ್ವೆಯ ಹಿಂದೆ ಲಂಗರು ಹಾಕಿ ಅಥವಾ ಹತ್ತಿರದ ಊರಿನ ದಡಕ್ಕೆ ಹಚ್ಚಿ, ಗಾಳಿ ಬಿಟ್ಟು ದೋಣಿ ಮಡಚಿ, ಆಟೋ ಹಿಡಿದು ಕಾರಿನ ಹತ್ತಿರ ಬನ್ನಿ. ಗಾಳಿ ತುಂಬುವ ದೋಣಿಯ ದೊಡ್ಡ ಅನುಕೂಲ ಇದೇ. ನಾಚಿಕೆ ಏನಿಲ್ಲ.

ಮನೆಗೆ ಬಂದ ಮೇಲೆ

ಉಪ್ಪು ಬಿಡುವುದಿಲ್ಲ. ದೋಣಿ, ಹುಟ್ಟು, ಜಾಕೆಟ್, ಹಗ್ಗ, ಪಂಪು ಎಲ್ಲಕ್ಕೂ ಸಿಹಿನೀರು ಹಾಯಿಸಿ. ಜಿಪ್ಪು, ವಾಲ್ವುಗಳ ಸಂದಿಯಲ್ಲಿ ಉಳಿದ ಮರಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ಗಾಳಿ ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ಅರ್ಧ ಗಾಳಿ ತುಂಬಿ ತಾರಸಿಯ ನೆರಳಲ್ಲಿ ಒಂದು ದಿನ ಒಣಗಲು ಬಿಡಿ, ಬಿಸಿಲಿಗೆ ಬೇಡ. ಮಡಿಕೆಯೊಳಗೆ ಒದ್ದೆ ಉಳಿದರೆ ಬೆಳಗಾವಿಯ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಗ್ಯಾರಂಟಿ. ಲಂಗರಿಗೆ ಒಂದು ಕೈ ಎಣ್ಣೆ ಸವರಿ ಬೇರೆಯೇ ಇಡಿ. ದೋಣಿಯ ಚೀಲವನ್ನು ನೆಲದ ಮೇಲಿಡದೆ ತೂಗುಹಾಕಿ, ಇಲಿಗೆ ರಬ್ಬರು ಬಲು ಇಷ್ಟ.